ಕಲಬುರಗಿಯ ಬಿಸಿಲಿನಲ್ಲಿ ಒಂದು ವಾರ, ಒಂದು ಮಣ್ಣಿನ ಗಡಿಗೆ

ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಗಾಡಿಯ ಸೀಟು ಕೂರಲಾಗದಷ್ಟು ಕಾದಿರುತ್ತದೆ, ರಸ್ತೆಯಿಂದ ಏಳುವ ಝಳಕ್ಕೆ ಕಣ್ಣು ಉರಿಯುತ್ತಿರುತ್ತವೆ, ಗಂಟಲು ಒಣಗಿ ಮಾತು ಬೇಡವಾಗಿರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದವಳು ಮೊದಲು ಹುಡುಕುವುದು ನೀರನ್ನು. ಆ ಒಂದು ಲೋಟ ನೀರು ಹೇಗಿರುತ್ತದೆ ಎಂಬುದರ ಮೇಲೆ ಇಡೀ ಮಧ್ಯಾಹ್ನ ಹೇಗೆ ಕಳೆಯುತ್ತದೆ ಎಂಬುದು ನಿಂತಿರುತ್ತದೆಂದು ನಾನು ನಂಬುತ್ತೇನೆ. ಅದಕ್ಕಾಗಿಯೇ ಈ ಬೇಸಿಗೆಯಲ್ಲಿ ಕುಂಬಾರರ ಮನೆಯಿಂದ ತಂದ 10 ಲೀಟರಿನ ಗಡಿಗೆಯೊಂದನ್ನು ಏಳು ದಿನ ಬಳಸಿ, ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಆನ್‌ಲೈನ್‌ನಲ್ಲಿ ಒಂದು ಮಡಕೆ ತರಿಸಿದ್ದೆ. ನೋಡಲು ಬಹಳ ಅಂದವಾಗಿತ್ತು, ಹೊರಮೈಗೆ ಮಿರುಗುವ ಬಣ್ಣ ಬಳಿದು ಹೂಬಳ್ಳಿ ಬರೆದಿದ್ದರು. ಆದರೆ ಬೆಳಗ್ಗೆ ತುಂಬಿದ ನೀರು ಸಂಜೆಗೂ ಹಾಗೆಯೇ ಬೆಚ್ಚಗಿರುತ್ತಿತ್ತು. ತಪ್ಪು ಎಲ್ಲಿದೆ ಎಂದು ತಿಳಿದದ್ದು ಈ ಸಲ ಗಡಿಗೆ ಕೊಳ್ಳಲು ಹೋದಾಗ. ಬಣ್ಣ ಮಣ್ಣಿನ ಸಣ್ಣ ರಂಧ್ರಗಳನ್ನು ಮುಚ್ಚಿಬಿಟ್ಟರೆ ನೀರು ಹೊರಮೈಗೆ ಜಿನುಗುವುದಿಲ್ಲ, ಜಿನುಗದಿದ್ದರೆ ಆರುವುದಿಲ್ಲ, ಆರದಿದ್ದರೆ ತಂಪಾಗುವುದಿಲ್ಲ. ಗಡಿಗೆ ತಣ್ಣಗಾಗುವುದು ಬೆವರಿನಿಂದ ನಮ್ಮ ಮೈ ತಣ್ಣಗಾಗುವ ಹಾಗೆಯೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು, ಆ ಶಾಖವನ್ನು ಅದು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ, 10 ಲೀಟರಿನಲ್ಲಿ ಕೇವಲ 100 ಗ್ರಾಂ, ಅಂದರೆ ಅರ್ಧ ಲೋಟದಷ್ಟು ನೀರು ಆರಿಹೋದರೆ, ಉಳಿದದ್ದರ ತಾಪ ಐದಾರು ಡಿಗ್ರಿ ಇಳಿಯುವಷ್ಟು ಶಾಖ ಅದರ ಜೊತೆಗೆ ಹೊರಟುಹೋಗುತ್ತದೆ. ಹೊರಗಿನ ಬಿಸಿ ಮತ್ತೆ ಮತ್ತೆ ಒಳಗೆ ಸೇರುತ್ತಿರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು ನೀರು ಆರಬೇಕಾಗುತ್ತದೆ ನಿಜ, ಆದರೂ ಅರ್ಧ ಲೋಟ ನೀರು ಇಷ್ಟು ಕೆಲಸ ಮಾಡುತ್ತದೆಂದು ತಿಳಿದ ಮೇಲೆ ಗಡಿಗೆಯ ಒದ್ದೆ ಮೈಯನ್ನು ನಾನು ನೋಡುವ ರೀತಿಯೇ ಬದಲಾಯಿತು.

ಕುಂಬಾರರ ಅಂಗಳದಲ್ಲಿ ಯುಗಾದಿಗೆ ಮಾರಿ ಉಳಿದ ಗಡಿಗೆಗಳನ್ನು ಬೇವಿನ ಮರದ ನೆರಳಿನಲ್ಲಿ ಸಾಲಾಗಿ ಬೋರಲು ಹಾಕಿದ್ದರು. ನಮ್ಮ ಭಾಗದಲ್ಲಿ ಯುಗಾದಿಯ ಬೇವನ್ನು ಕಲಸುವುದಕ್ಕೆ ಹೊಸ ಗಡಿಗೆ ತರುವ ರೂಢಿ ಇರುವುದರಿಂದ, ಹಬ್ಬದ ಹಿಂದಿನ ದಿನಗಳಲ್ಲಿ ಅಲ್ಲಿ ಜನ ಕಿಕ್ಕಿರಿದಿರುತ್ತಾರೆ. ನಾನು ಹೋದದ್ದು ಹಬ್ಬ ಕಳೆದ ಮೇಲೆ, ಹಾಗಾಗಿ ಆರಿಸಿಕೊಳ್ಳಲು ಸಮಯ ಸಿಕ್ಕಿತು. ಅಂಗಳದಲ್ಲಿದ್ದ ಆಯಿ ಒಂದೊಂದೇ ಗಡಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯ ಬೆರಳ ಗಂಟಿನಿಂದ ಬಡಿದು ತೋರಿಸಿದರು. ಚೆನ್ನಾಗಿ ಬೆಂದ ಗಡಿಗೆ ಕಂಚಿನಂತೆ ಟಣ್ ಎಂದಿತು, ಕಣ್ಣಿಗೆ ಕಾಣದ ಸೀಳಿರುವುದು ಮಂಕಾಗಿ ಬದ್ ಎಂದಿತು. ಮಡಕೆಯನ್ನು ಬಾರಿಸಿ ಶಿವನನ್ನೇ ಕುಣಿಸಿದನೆಂದು ಶರಣ ಕುಂಬಾರ ಗುಂಡಯ್ಯನ ಕಥೆ ಹೇಳುತ್ತದೆ. ಆತನ ಊರು ಇಲ್ಲಿಂದ ದೂರವಿಲ್ಲದ ಬೀದರ ಜಿಲ್ಲೆಯ ಭಾಲ್ಕಿ ಎನ್ನುತ್ತಾರೆ. ಆ ನಾದವನ್ನು ಕಿವಿಯಾರೆ ಕೇಳಿದವರಿಗೆ ಆ ಕಥೆ ಎಲ್ಲಿಂದ ಹುಟ್ಟಿತೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಆಯಿ, ನಳ ಇದ್ದದ್ದು ತಗೊಳ್ಳಲೋ, ಇಲ್ಲದ್ದು ತಗೊಳ್ಳಲೋ?" ಎಂದು ಕೇಳಿದೆ.

"ನಳ ಕೂಡ್ಸಿದಲ್ಲಿ ಸೋರ್ತದ ಯವ್ವಾ. ನಿನಗ ಬಗ್ಗಿ ತಗೊಳ್ಳಾಕ ಬರ್ತದಲ್ಲ, ಬಾಯಿ ಅಗಲ ಇದ್ದದ್ದು ಒಯ್ಯಿ. ಎರಡ ದಿನ ನೀರಾಗ ನೆನೀಲಿ, ಆ ನೀರ ಕುಡೀಬ್ಯಾಡ, ಗಿಡಕ್ಕ ಹಾಕು," ಎಂದರು.

ತಮ್ಮ ಸರಕಿನಲ್ಲಿಯೇ ಹೆಚ್ಚು ಬೆಲೆಯದನ್ನು ಬೇಡವೆಂದು ಹೇಳಿದ ಆ ಮಾತಿಗೆ ನಾನು ಅಂದೇ ತಲೆಬಾಗಿದೆ. ನಳವಿಲ್ಲದ, ಬಣ್ಣವಿಲ್ಲದ ಗಡಿಗೆಗೆ 220 ರೂಪಾಯಿ ಕೊಟ್ಟೆ. ಮುಚ್ಚಳ ಆ ಬೆಲೆಯಲ್ಲಿಯೇ ಸೇರಿತ್ತು. ಹಕ್ಕಿಗಳಿಗೆ ನೀರಿಡಲು ಒಂದು ಚಿಕ್ಕ ಪರಿಯಾಣವನ್ನೂ 40 ರೂಪಾಯಿ ಕೊಟ್ಟು ತಂದೆ.

ಗಡಿಗೆಯನ್ನು ಎಲ್ಲಿಡುತ್ತೇವೆ ಎಂಬುದು ಗಡಿಗೆಯಷ್ಟೇ ಮುಖ್ಯ. ಗಾಳಿಯಾಡದ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕದಲ್ಲಿ ಇಟ್ಟರೆ ಎಂಥ ಒಳ್ಳೆಯ ಗಡಿಗೆಯೂ ಸೋಲುತ್ತದೆ. ನಾನು ಉತ್ತರದ ಕಿಟಕಿಯ ಕೆಳಗೆ, ಬಿಸಿಲು ತಾಗದ ಆದರೆ ಗಾಳಿ ಹಾಯುವ ಜಾಗದಲ್ಲಿ, ಅಗಲವಾದ ಬುಟ್ಟಿಯೊಂದರಲ್ಲಿ ಮರಳು ಹಾಕಿ ಅದರ ಮೇಲೆ ಕೂರಿಸಿದೆ. ಜಿನುಗಿದ ನೀರು ನೆಲಕ್ಕೆ ಹರಿಯದೆ ಮರಳಿಗೆ ಇಳಿಯುತ್ತದೆ, ಮರಳು ಒದ್ದೆಯಾಗಿದ್ದು ತಳವನ್ನೂ ತಂಪಾಗಿಡುತ್ತದೆ. ಆ ಮರಳಿಗೆ ಒಂದು ಹಿಡಿ ಮೆಂತ್ಯವನ್ನೂ ಚೆಲ್ಲಿದೆ, ನಮ್ಮ ಅಜ್ಜಿ ಹಾಗೆ ಮಾಡುತ್ತಿದ್ದರು.

ಮೊದಲ ದಿನ ಸೋಮವಾರ. ಕಚೇರಿಯಿಂದ ಬಂದು ಮುಚ್ಚಳ ತೆಗೆದ ಕೂಡಲೇ ಬಂದದ್ದು ವಾಸನೆ. ಮೊದಲ ಮಳೆಯ ಹನಿ ಬಿದ್ದ ಹೊಲದಿಂದ ಏಳುವ ಕಂಪು, ಅದೂ ಮಳೆಯ ಸುಳಿವೇ ಇಲ್ಲದ ಮಧ್ಯಾಹ್ನ ಎರಡು ಗಂಟೆಯಲ್ಲಿ, ನನ್ನ ಅಡುಗೆಮನೆಯಲ್ಲಿ. ತಂಬಿಗೆ ಮುಳುಗಿಸಿದಾಗ ಮೊಣಕೈವರೆಗೆ ತಂಪು ಏರಿತು. ಗಡಿಗೆಯ ಹೊಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳು ಒತ್ತೊತ್ತಾಗಿ ನಿಂತಿದ್ದವು, ಬೆರಳಿನಿಂದ ಒಂದು ಗೆರೆ ಎಳೆದರೆ ಆ ಗೆರೆ ಕೆಂಪಗೆ ಕಂಡು, ನಾನು ನೀರು ಕುಡಿದು ಮುಗಿಸುವಷ್ಟರಲ್ಲಿ ಮತ್ತೆ ಮಂಜು ಕವಿದಂತೆ ಮಾಸುತ್ತಿತ್ತು. ಫ್ರಿಜ್ಜಿನ ನೀರು ಹಲ್ಲಿಗೆ ತಾಗಿ ಎರಡು ಗುಟುಕಿಗೇ ಸಾಕೆನಿಸುತ್ತದೆ, ದಾಹ ಮಾತ್ರ ಹಾಗೆಯೇ ಉಳಿಯುತ್ತದೆ. ಈ ನೀರನ್ನು ನಿಲ್ಲಿಸದೆ ಇಡೀ ತಂಬಿಗೆ ಕುಡಿಯಬಹುದು, ಕುಡಿದೆ. ಕುತೂಹಲಕ್ಕೆ ಅಡುಗೆಯ ಥರ್ಮಾಮೀಟರ್ ಇಟ್ಟು ನೋಡಿದಾಗ ಕೋಣೆಯ ತಾಪ 37 ಡಿಗ್ರಿ ಇತ್ತು, ಗಡಿಗೆಯ ನೀರಿನದು 27. ಹತ್ತು ಡಿಗ್ರಿಯ ಈ ಅಂತರ ವಿದ್ಯುತ್ತಿನ ಒಂದು ಯೂನಿಟ್ಟೂ ಇಲ್ಲದೆ ಬಂದದ್ದು.

ಬುಧವಾರ ಮಧ್ಯಾಹ್ನ ಕರೆಂಟು ಹೋಗಿ ಮೂರು ತಾಸು ಬರಲಿಲ್ಲ. ಓಣಿಯ ಫ್ಯಾನುಗಳೆಲ್ಲ ನಿಂತಾಗ ಎದುರು ಮನೆಯವರು ಮಕ್ಕಳನ್ನು ಕರೆದುಕೊಂಡು ನಮ್ಮ ಕಟ್ಟೆಗೆ ಬಂದು ಕೂತರು. ಗಡಿಗೆಯ ನೀರಿನಲ್ಲಿ ಮಜ್ಜಿಗೆ ಕಡೆದು, ಶುಂಠಿ, ಕರಿಬೇವು, ಉಪ್ಪು ಜಜ್ಜಿ ಹಾಕಿ ಎಲ್ಲರಿಗೂ ಕೊಟ್ಟೆ. ಐಸು ಹಾಕಿದ ಮಜ್ಜಿಗೆಯಲ್ಲಿ ಹುಳಿ ಮತ್ತು ಶುಂಠಿಯ ಖಾರ ನಾಲಿಗೆಗೆ ತಿಳಿಯುವ ಮೊದಲೇ ಬಾಯಿ ಮರಗಟ್ಟುತ್ತದೆ, ಇಲ್ಲಿ ಒಂದೊಂದೂ ತನ್ನ ರುಚಿಯನ್ನು ಉಳಿಸಿಕೊಂಡಿತ್ತು. ಸಂಜೆ ಕೊಂಡ ಮಲ್ಲಿಗೆಯ ಮಾಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಗಡಿಗೆಯ ಕುತ್ತಿಗೆಗೆ ಆನಿಸಿ ಇಟ್ಟಿದ್ದೆ, ಮರುದಿನ ಬೆಳಗ್ಗೆ ಕಚೇರಿಗೆ ಮುಡಿದುಕೊಂಡು ಹೋಗುವಾಗಲೂ ಬಾಡಿರಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಗಡಿಗೆ ನಿಧಾನವಾದ ವಸ್ತು. ರಾತ್ರಿ ತುಂಬಿಸಿದರೆ ಬೆಳಗ್ಗೆಗೆ ತಂಪಾಗಿರುತ್ತದೆ. ಮಧ್ಯಾಹ್ನ ಖಾಲಿಯಾಯಿತೆಂದು ಟ್ಯಾಂಕಿನ ಕಾದ ನೀರು ಸುರಿದರೆ ಸಂಜೆಯವರೆಗೆ ಬೆಚ್ಚಗಿನ ನೀರನ್ನೇ ಕುಡಿಯಬೇಕು, ಮಂಗಳವಾರ ನನಗೆ ಹಾಗೆಯೇ ಆಯಿತು. ನಾಲ್ಕು ಜನರಿರುವ ಮನೆಗೆ ಒಂದು ಗಡಿಗೆ ಸಾಲದು, ಎರಡಿಟ್ಟು ಒಂದಾದ ಮೇಲೆ ಒಂದನ್ನು ಬಳಸಬೇಕು. ತುಂಬಿದ ಗಡಿಗೆಯನ್ನು ಎತ್ತಿ ಸರಿಸುವುದು ಹಿರಿಯರಿಂದಾಗದ ಕೆಲಸ, ಬಗ್ಗಲಾಗದವರಿಗೆ ಎತ್ತರದ ಸ್ಟ್ಯಾಂಡು ಬೇಕೇ ಬೇಕು. ಗುರುವಾರ ಸಂಜೆ ಗುಡುಗಿ ಅಡ್ಡಮಳೆ ಬಂದು ಹೋಯಿತು. ನೆಲ ತಂಪಾಯಿತು, ಆದರೆ ಗಾಳಿಯಲ್ಲಿ ತೇವ ತುಂಬಿದ್ದರಿಂದ ಶುಕ್ರವಾರ ಬೆಳಗಿನ ನೀರು ಹಿಂದಿನ ದಿನಗಳಷ್ಟು ತಣ್ಣಗಿರಲಿಲ್ಲ. ಗಾಳಿ ಒಣಗಿದಷ್ಟೂ ಗಡಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಗಾಗಿ ರಾಯಚೂರು, ವಿಜಯಪುರ, ಬಳ್ಳಾರಿಯವರು ಧೈರ್ಯವಾಗಿ ಕೊಳ್ಳಬಹುದು. ಮಂಗಳೂರು, ಕಾರವಾರದಂಥ ಕಡಲ ಊರುಗಳಲ್ಲಿ ಬೇಸಿಗೆಯ ಸೆಕೆಯೇ ತೇವದ್ದಾದ್ದರಿಂದ ಅಲ್ಲಿನವರು ಇಷ್ಟೊಂದು ತಂಪನ್ನು ನಿರೀಕ್ಷಿಸಬಾರದು.

ಮಣ್ಣಿನ ಗಡಿಗೆಯ ನೀರು ಹಲವು ರೋಗಗಳನ್ನು ಗುಣಪಡಿಸುತ್ತದೆ ಎಂಬ ಮಾತುಗಳು ಮೊಬೈಲಿನಲ್ಲಿ ಬಹಳ ಹರಿದಾಡುತ್ತವೆ. ಆ ಭರವಸೆಯ ಮೇಲೆ ಯಾರೂ ಗಡಿಗೆ ಕೊಳ್ಳಬೇಡಿ. ಗಡಿಗೆ ನೀರನ್ನು ಶುದ್ಧ ಮಾಡುವುದಿಲ್ಲ, ಸೋಸಿದ ಅಥವಾ ಕುದಿಸಿ ಆರಿಸಿದ ನೀರನ್ನೇ ತುಂಬಬೇಕು, ಕೈ ಅದ್ದದೆ ಉದ್ದ ಹಿಡಿಯ ಸೌಟು ಬಳಸುವುದು ಉತ್ತಮ. ಮೊದಲ ದಿನ ತಂಬಿಗೆ ಮುಳುಗಿಸಿದ್ದು ನನ್ನ ತಪ್ಪು, ಮರುದಿನದಿಂದಲೇ ಸೌಟು ಇಟ್ಟೆ. ಮೂರು ದಿನಕ್ಕೊಮ್ಮೆ ಖಾಲಿ ಮಾಡಿ ತೆಂಗಿನ ನಾರಿನಿಂದ ಉಜ್ಜಿ ತೊಳೆದರೆ ಸಾಕು, ಸೋಪು ಮಾತ್ರ ತಾಗಿಸಬಾರದು, ಮಣ್ಣು ಅದನ್ನು ಹೀರಿಕೊಂಡು ನೀರಿಗೆ ವಾಸನೆ ಕೊಡುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹೊರಮೈಯಲ್ಲಿ ಬಿಳಿ ಉಪ್ಪಿನ ಗೆರೆಗಳನ್ನು ಬಿಡುತ್ತದೆ. ಅವು ರಂಧ್ರಗಳನ್ನು ಕಟ್ಟುತ್ತ ಹೋಗುವುದರಿಂದ ಮುಂದಿನ ಬೇಸಿಗೆಗೆ ಹೊಸ ಗಡಿಗೆಯನ್ನೇ ತರುವುದೆಂದು ನಿರ್ಧರಿಸಿದ್ದೇನೆ, 220 ರೂಪಾಯಿಗೆ ಅದು ಹೊರೆಯಲ್ಲ.

ಶನಿವಾರ ಬೆಳಗ್ಗೆ ನೀರು ತುಂಬಲು ಬಗ್ಗಿದಾಗ ಮರಳಿನಲ್ಲಿ ಮೆಂತ್ಯದ ಮೊಳಕೆಗಳು ಎರಡೆರಡು ಎಲೆ ಬಿಚ್ಚಿ ಗಡಿಗೆಯ ತಳದ ಸುತ್ತ ಹಸಿರು ಬಳೆಯಂತೆ ನಿಂತಿದ್ದವು. ಹೊರಗೆ ಕಟ್ಟೆಯ ಮೇಲಿನ ಪರಿಯಾಣದಲ್ಲಿ ಪಿಕಳಾರವೊಂದು ನೀರು ಕುಡಿದು ರೆಕ್ಕೆ ಕೊಡವುತ್ತಿತ್ತು. ಮೊಳಕೆಗಳು ಇನ್ನೊಂದು ವಾರ ಬೆಳೆದರೆ ಕೊಯ್ದು ರೊಟ್ಟಿಯ ಜೊತೆಗೆ ಹಚ್ಚಿಕೊಳ್ಳಬೇಕು. ಎರಡನೆಯ ಗಡಿಗೆಗೆ ಭಾನುವಾರ ಬರುತ್ತೇನೆಂದು ಆಯಿಗೆ ಹೇಳಿ ಕಳಿಸಿದ್ದೇನೆ.