ಗಾಮ್‌ಸ್ಯಾಟ್‌ಗೆ ಕೋಚಿಂಗ್ ಪ್ಯಾಕೇಜೋ, ಶಾಲೆಯ ಪಠ್ಯಪುಸ್ತಕವೋ: ವಿಜ್ಞಾನ ಓದದವಳ ಹೋಲಿಕೆ

ವಿಜ್ಞಾನ ಓದದವರು ಗಾಮ್‌ಸ್ಯಾಟ್ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯಲು ಹೊರಟರೆ ಮೊದಲು ಹುಡುಕಿಕೊಳ್ಳಬೇಕಾದುದು ಪ್ರೌಢಶಾಲೆಯ ರಸಾಯನಶಾಸ್ತ್ರದ ಪುಸ್ತಕವನ್ನೇ ಹೊರತು ಕೋಚಿಂಗ್ ಪ್ಯಾಕೇಜನ್ನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ನಾನು ಹಿಂದುಮುಂದಾಗಿ ಮಾಡಿ, ಸುಮಾರು 1,800 ಆಸ್ಟ್ರೇಲಿಯನ್ ಡಾಲರ್ ಕಳೆದುಕೊಂಡ ಮೇಲೆ ಕಲಿತೆ. ಇತಿಹಾಸದಲ್ಲಿ ಬಿ.ಎ. ಮಾಡಿ ಆಸ್ಟ್ರೇಲಿಯಾದಲ್ಲಿ ಕಚೇರಿ ಕೆಲಸದಲ್ಲಿದ್ದ ನನಗೆ, ಯಾವ ವಿಷಯದ ಪದವೀಧರರಾದರೂ ಈ ಪರೀಕ್ಷೆ ಬರೆಯಬಹುದು, ಅದರ ಅಂಕಗಳನ್ನು ಇಟ್ಟುಕೊಂಡು ಪದವಿಯ ನಂತರದ ವೈದ್ಯಕೀಯ ಕೋರ್ಸುಗಳಿಗೆ ಅರ್ಜಿ ಹಾಕಬಹುದು ಎಂಬುದು ಮೂವತ್ತರ ಹತ್ತಿರ ಬಂದಾಗ ತಿಳಿಯಿತು. ತಿಳಿದ ವಾರವೇ ಹೆದರಿಕೆಯಿಂದ ಪ್ಯಾಕೇಜ್ ಕೊಂಡೆ. ಆಮೇಲೆ ಶಾಲೆಯ ವಿಜ್ಞಾನದ ಕೊರತೆ ತುಂಬುವ ಒಂದು ಬ್ರಿಡ್ಜಿಂಗ್ ಕೋರ್ಸಿಗೆ ಸೇರಿದೆ, ಕೊನೆಗೆ ಪಠ್ಯಪುಸ್ತಕಗಳನ್ನು ಹಿಡಿದು ಒಬ್ಬಳೇ ಓದಿದೆ. ಈ ಮೂರರ ಹೋಲಿಕೆಯೇ ಈ ಬರಹ.

ಪರೀಕ್ಷೆಯ ಸ್ವರೂಪವನ್ನೆಲ್ಲ ಅದನ್ನು ನಡೆಸುವ ಎಸಿಇಆರ್ ಸಂಸ್ಥೆಯೇ ವಿವರಿಸಿರುವುದರಿಂದ ಇಲ್ಲಿ ಅದನ್ನು ಮತ್ತೆ ಹೇಳುವುದಿಲ್ಲ. ನಮ್ಮಂಥವರನ್ನು ಕಾಡುವುದು ಮೂರನೆಯ ಭಾಗ. ಅಲ್ಲಿ 150 ನಿಮಿಷಗಳಲ್ಲಿ 75 ಪ್ರಶ್ನೆಗಳಿರುತ್ತವೆ. ಶೇಕಡಾ 40 ಜೀವಶಾಸ್ತ್ರ, 40 ರಸಾಯನಶಾಸ್ತ್ರ, 20 ಭೌತಶಾಸ್ತ್ರ. ಮೊದಲೆರಡು ವಿಷಯಗಳು ವಿಶ್ವವಿದ್ಯಾಲಯದ ಮೊದಲ ವರ್ಷದ ಮಟ್ಟದವು, ಭೌತಶಾಸ್ತ್ರ ಹನ್ನೆರಡನೆಯ ತರಗತಿಯ ಮಟ್ಟದ್ದು. ಕ್ಯಾಲ್ಕುಲೇಟರ್ ಬಳಸುವಂತಿಲ್ಲ. ಈ ಕೊನೆಯ ಮಾತನ್ನು ನಾನು ಮೊದಲ ಸಲ ಓದಿದಾಗ ಅದಕ್ಕೆ ಏನೇನೂ ಮಹತ್ವ ಕೊಟ್ಟಿರಲಿಲ್ಲ.

ಪ್ಯಾಕೇಜಿನಲ್ಲಿ ವಿಡಿಯೊ ಪಾಠಗಳಿದ್ದವು, ಸಾವಿರ ಪುಟ ಮೀರಿದ ನೋಟ್ಸ್ ಇತ್ತು, ದೊಡ್ಡದೊಂದು ಪ್ರಶ್ನೆ ಸಂಗ್ರಹವೂ ಇತ್ತು. ಪಾಠ ಮಾಡುತ್ತಿದ್ದವರು ಕೆಟ್ಟ ಶಿಕ್ಷಕರೇನಲ್ಲ. ನನಗೆ ತಲೆಬೇನೆ ತಂದದ್ದು ಪ್ರಶ್ನೆ ಸಂಗ್ರಹ. ಎರಡನೆಯ ವಾರ ಒಂದು ಪ್ರಶ್ನೆ ಬಂತು: ದ್ರಾವಣವೊಂದರಲ್ಲಿ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಲೀಟರಿಗೆ 2 × 10⁻⁴ ಮೋಲ್ ಇದ್ದರೆ ಅದರ ಪಿಎಚ್ (ಆಮ್ಲೀಯತೆಯ ಅಳತೆ) ಎಷ್ಟು? ನಾನು 4 ಎಂದು ಗುರುತು ಹಾಕಿದೆ. ತಪ್ಪು ಎಂದು ಕೆಂಪು ಬಣ್ಣ ಬಂತು, ಕೆಳಗೆ ವಿವರಣೆಯ ಜಾಗದಲ್ಲಿ ಪಿಎಚ್‌ನ ಸೂತ್ರ (ಆ ಸಾಂದ್ರತೆಯ ಲಾಗರಿದಮ್‌ನ ಚಿಹ್ನೆ ಬದಲಿಸಿದರೆ ಪಿಎಚ್; ಲಾಗರಿದಮ್ ಎಂದರೆ 10ರ ಎಷ್ಟನೆಯ ಘಾತ ಆ ಸಂಖ್ಯೆ ಎಂಬುದು) ಮತ್ತು "ಆದ್ದರಿಂದ 3.7" ಎಂಬ ಒಂದೇ ಸಾಲು. ಆ "ಆದ್ದರಿಂದ" ಎಲ್ಲಿಂದ ಬಂತು ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಪರದೆಯ ಮೂಲೆಯಲ್ಲಿ ಓಡುತ್ತಿದ್ದ ಗಡಿಯಾರವನ್ನು ನಿಲ್ಲಿಸಲು ಬರುತ್ತಿರಲಿಲ್ಲ, ಮುಂದಿನ ಪ್ರಶ್ನೆಗೆ ಹೋದ ಮೇಲೆ ನಲವತ್ತು ಪ್ರಶ್ನೆಗಳ ಆ ಕಂತು ಪೂರ್ತಿ ಮುಗಿಯುವವರೆಗೆ ಹಿಂದಿನದಕ್ಕೆ ಮರಳಲು ಬಿಡುತ್ತಿರಲಿಲ್ಲ. ಹಾಗಾಗಿ ಅರ್ಥವಾಗದ್ದನ್ನು ಅರ್ಥವಾಗದಂತೆಯೇ ಬಿಟ್ಟು ಇನ್ನೂ ಮೂವತ್ತು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಡುವುದೇ ದಿನಚರಿಯಾಯಿತು.

ಸಂದೇಹಗಳನ್ನು ಕೇಳಲು ಇದ್ದ ಪುಟದಲ್ಲಿ ಬರೆದು ಹಾಕಿದೆ. ಒಂಬತ್ತು ದಿನಗಳ ನಂತರ ಬಂದ ಉತ್ತರದಲ್ಲಿ ಅದೇ ಸೂತ್ರವನ್ನು ಇನ್ನಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರು, ಶಾಲೆಯಲ್ಲಿ ಕಲಿತ ಲಾಗರಿದಮ್ ನಿಯಮಗಳನ್ನು ನೆನಪಿಸಿಕೊಳ್ಳಿ ಎಂಬ ಸೂಚನೆಯೂ ಇತ್ತು. ಹತ್ತನೆಯ ತರಗತಿಯ ನಂತರ ಗಣಿತದ ಮುಖ ನೋಡದವಳು ನೆನಪಿಸಿಕೊಳ್ಳುವುದು ಏನನ್ನು? ಸಿಟ್ಟಿನಿಂದ ಒಂದು ಭಾನುವಾರ ಗ್ರಂಥಾಲಯಕ್ಕೆ ಹೋಗಿ, ಅಲ್ಲಿದ್ದ ಶಾಲಾ ಗಣಿತದ ಹಳೆಯ ಪುಸ್ತಕ ತೆಗೆದು ನೋಡಿದೆ. ಎರಡೇ ಪುಟ. ಗುಣಾಕಾರದ ಲಾಗರಿದಮ್ ಎಂದರೆ ಬಿಡಿ ಲಾಗರಿದಮ್‌ಗಳ ಮೊತ್ತ; 2ರ ಲಾಗರಿದಮ್ ಸುಮಾರು 0.3, 10⁻⁴ರದು −4, ಚಿಹ್ನೆ ಬದಲಿಸಿ 4ರಿಂದ 0.3 ಕಳೆದರೆ 3.7. ಹೀಗೆ 3ಕ್ಕೆ 0.48, 5ಕ್ಕೆ 0.7 ಎಂದು ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡರೆ ಇಂಥ ಪ್ರಶ್ನೆಗಳಿಗೆ ಕ್ಯಾಲ್ಕುಲೇಟರ್ ಬೇಕಾಗುವುದೇ ಇಲ್ಲ. ಒಂಬತ್ತು ದಿನ ಕಾದು ಕುಳಿತದ್ದು ಇಷ್ಟಕ್ಕೆ.

ಅಂದು ಹೊಳೆದದ್ದೇನೆಂದರೆ, ನನಗೆ ಕೊರತೆಯಿದ್ದದ್ದು ವಿಜ್ಞಾನದ ಮಾಹಿತಿಯಲ್ಲ. ಎಸಿಇಆರ್ ಮಾರುವ ಮಾದರಿ ಪ್ರಶ್ನೆಗಳನ್ನು ನೋಡಿದರೆ, ಬೇಕಾದ ವಿವರದ ಬಹುಪಾಲು ಪ್ರಶ್ನೆಯ ಜೊತೆಗಿರುವ ಪಠ್ಯದಲ್ಲಿ, ಕೋಷ್ಟಕದಲ್ಲಿ, ನಕ್ಷೆಯಲ್ಲಿ ಕೊಟ್ಟೇ ಇರುತ್ತಾರೆ. ನನಗೆ ಬಾರದಿದ್ದದ್ದು ಅದನ್ನು ಓದುವ ವಿದ್ಯೆ. ಒಂದು ನಕ್ಷೆಯ ಲಂಬ ಅಕ್ಷದಲ್ಲಿ 1, 10, 100 ಎಂದು ಸಮ ಅಂತರದಲ್ಲಿ ಗುರುತುಗಳಿದ್ದವು. 10 ಮತ್ತು 100ರ ನಟ್ಟನಡುವೆ ಇದ್ದ ಬಿಂದುವನ್ನು ನಾನು ನಿಶ್ಚಿಂತೆಯಿಂದ 55 ಎಂದು ಓದಿದ್ದೆ. ಒಂದೊಂದು ಗುರುತಿಗೂ ಬೆಲೆ ಹತ್ತರಷ್ಟಾಗುವ ಅಂಥ ಅಕ್ಷದಲ್ಲಿ ಅದು ಸುಮಾರು 32. ಪ್ಯಾಕೇಜಿನ ಸಾವಿರ ಪುಟಗಳಲ್ಲಿ ಅಮೈನೋ ಆಮ್ಲಗಳ ಪಟ್ಟಿಯಿತ್ತು, ಜೀವಕೋಶ ಶಕ್ತಿ ಪಡೆಯುವ ಕ್ರೆಬ್ಸ್ ಚಕ್ರದ ಒಂದೊಂದು ಹಂತವೂ ಇತ್ತು. ಇಂಥ ಅಕ್ಷವನ್ನು ಓದುವುದು ಹೇಗೆ ಎಂಬ ಮಾತು ಎಲ್ಲೂ ಇರಲಿಲ್ಲ. ಮಾರ್ಚ್‌ನಲ್ಲಿ ಬರೆದ ಮೊದಲ ಪರೀಕ್ಷೆಯಲ್ಲಿ ಮೂರನೆಯ ಭಾಗಕ್ಕೆ 100ರ ಅಳತೆಯಲ್ಲಿ 48 ಬಂತು.

ಬ್ರಿಡ್ಜಿಂಗ್ ಕೋರ್ಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲೆಯಲ್ಲಿ ರಸಾಯನಶಾಸ್ತ್ರ ಓದದ ಹೊಸ ವಿದ್ಯಾರ್ಥಿಗಳಿಗಾಗಿ ವಿಶ್ವವಿದ್ಯಾಲಯವೊಂದು ಫೆಬ್ರವರಿಯಲ್ಲಿ ನಡೆಸಿದ ಕೆಲವೇ ದಿನಗಳ ತರಗತಿ ಅದು. ಎದುರಿಗೆ ಶಿಕ್ಷಕಿ ನಿಂತಿದ್ದರು, ಕೈ ಎತ್ತಿದರೆ ಅಲ್ಲೇ ಉತ್ತರ ಸಿಗುತ್ತಿತ್ತು, ಮೋಲ್ ಎಂದರೇನು ಎಂಬುದು ನನಗೆ ಮೊದಲ ಬಾರಿ ಅರ್ಥವಾದದ್ದು ಅಲ್ಲಿಯೇ. ಆದರೆ ಕಚೇರಿಗೆ ರಜೆ ಹಾಕಬೇಕಾಯಿತು, ಮಾರ್ಚ್ ಪರೀಕ್ಷೆಗೆ ಉಳಿದದ್ದು ಕೆಲವೇ ವಾರ. ಸೆಪ್ಟೆಂಬರ್ ಪರೀಕ್ಷೆಗೆ ಕಟ್ಟುವವರಿಗೆ, ರಜೆ ಸಿಗುವಂತಿದ್ದರೆ, ಇದು ಒಳ್ಳೆಯ ಆರಂಭ.

ಮಾರ್ಚ್ ನಂತರ ನಾನು ಹಿಡಿದದ್ದು ಪಠ್ಯಪುಸ್ತಕದ ದಾರಿ. ಬೆಳಗ್ಗೆ ಐದರಿಂದ ಏಳರವರೆಗೆ ಓದುವುದು ನನಗೆ ಮೊದಲಿನಿಂದಲೂ ರೂಢಿ. ರಾತ್ರಿ ವಿಡಿಯೊ ನೋಡುತ್ತ ಕುಳಿತರೆ ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ, ಪ್ಯಾಕೇಜ್ ನನಗೆ ಒಗ್ಗದಿರಲು ಇದೂ ಒಂದು ಕಾರಣವಿರಬಹುದು. ಮೊದಲ ಆರು ವಾರ ಶಾಲೆಯ ಗಣಿತ ಮತ್ತು ರಸಾಯನಶಾಸ್ತ್ರ ಮಾತ್ರ. ನಂತರ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಉಚಿತವಾಗಿ ಕೊಡುವ ಮೊದಲ ವರ್ಷದ ಪುಸ್ತಕಗಳು, ಅವುಗಳಲ್ಲಿ ತಿಳಿಯದಿದ್ದಾಗ ಖಾನ್ ಅಕಾಡೆಮಿಯ ಆನ್‌ಲೈನ್ ಪಾಠ. ತಪ್ಪಿದ ಪ್ರತಿಯೊಂದು ಪ್ರಶ್ನೆಯನ್ನೂ ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದು, ನಾನು ಯೋಚಿಸಿದ ರೀತಿ ಎಲ್ಲಿ ಹಾದಿ ತಪ್ಪಿತು ಎಂಬುದನ್ನು ಬಲಪುಟದಲ್ಲಿ ಬರೆಯುತ್ತಿದ್ದೆ. ಎಸಿಇಆರ್‌ನ ಮಾದರಿ ಪ್ರಶ್ನೆಗಳನ್ನು ಗಡಿಯಾರವಿಲ್ಲದೆ ಒಮ್ಮೆ, ಎರಡು ತಿಂಗಳ ನಂತರ ಗಡಿಯಾರ ಇಟ್ಟು ಇನ್ನೊಮ್ಮೆ ಬಿಡಿಸಿದೆ.

ಈ ದಾರಿಯಲ್ಲಿ ತೊಂದರೆಯೇ ಇಲ್ಲ ಎನ್ನಲಾರೆ. ಯಾವುದನ್ನು ಬಿಡಬೇಕೆಂದು ಹೇಳುವವರು ಯಾರೂ ಇರುವುದಿಲ್ಲ. ಸಾವಯವ ಸಂಯುಕ್ತಗಳಿಗೆ ಹೆಸರಿಡುವ ನಿಯಮಗಳ ಮೇಲೆ ನಾನು ಮೂರು ವಾರ ಸುರಿದೆ, ಒಂದು ವಾರ ಧಾರಾಳವಾಗಿ ಸಾಕಿತ್ತು. ಭೌತಶಾಸ್ತ್ರಕ್ಕೆ ಸಮಯವೇ ಉಳಿಯಲಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಅಲ್ಲಿ ಹಲವೆಡೆ ಊಹೆಯ ಮೇಲೆಯೇ ಗುರುತು ಹಾಕಿದೆ.

ಪರೀಕ್ಷೆಯ ಎರಡನೆಯ ಭಾಗದಲ್ಲಿ ಪ್ರಬಂಧ ಬರೆಯಬೇಕಾಗುತ್ತದೆ; ಅಂಥ ಪ್ರಬಂಧಗಳನ್ನು ತಿದ್ದಿಕೊಡುವ ವಿಷಯದಲ್ಲಿ ಮಾತ್ರ ಪ್ಯಾಕೇಜೇ ಮೇಲು. ನಮ್ಮ ಪ್ರಬಂಧವನ್ನು ನಾವೇ ತಿದ್ದಿಕೊಳ್ಳಲಾಗುವುದಿಲ್ಲ.

ಸೆಪ್ಟೆಂಬರಿನಲ್ಲಿ ಮೂರನೆಯ ಭಾಗಕ್ಕೆ 61 ಬಂತು. ನಾನು ಬರೆದಾಗ ಒಟ್ಟು ಅಂಕದಲ್ಲಿ ಆ ಭಾಗಕ್ಕೆ ಉಳಿದವುಗಳ ಎರಡರಷ್ಟು ತೂಕವಿದ್ದುದರಿಂದ ಈ ಏರಿಕೆ ನನಗೆ ದೊಡ್ಡದೇ ಆಗಿತ್ತು. ಹನ್ನೆರಡನೆಯ ತರಗತಿಯವರೆಗೆ ವಿಜ್ಞಾನ ಓದಿ, ನಡುವೆ ಬಿಟ್ಟು, ಈಗ ಮತ್ತೆ ವೇಗ ಹಿಡಿಯಬೇಕಾದವರಿಗೆ ಪ್ಯಾಕೇಜ್ ದುಬಾರಿಯಾದರೂ ದಂಡವಾಗಲಾರದು, ಏಕೆಂದರೆ ಆ "ಆದ್ದರಿಂದ" ಅವರಿಗೆ ತಾನಾಗಿ ಬಿಡಿಸಿಕೊಳ್ಳುತ್ತದೆ. ನನ್ನಂತೆ ಸೊನ್ನೆಯಿಂದ ಹೊರಟು ಸಂಬಳದಲ್ಲಿ ಉಳಿಸಿ ಓದುವವರು ಪರೀಕ್ಷಾ ಶುಲ್ಕ, ಎಸಿಇಆರ್‌ನ ಮಾದರಿ ಪ್ರಶ್ನೆಗಳು, ಬಿಡಿಯಾಗಿ ಸಿಕ್ಕರೆ ನಾಲ್ಕೈದು ಪ್ರಬಂಧಗಳ ತಿದ್ದುವಿಕೆ, ಇಷ್ಟಕ್ಕೆ ಮಾತ್ರ ಹಣ ತೆಗೆದಿಟ್ಟು ಮೊದಲ ಆರು ವಾರಗಳನ್ನು ಗ್ರಂಥಾಲಯದ ಶಾಲಾ ಪುಸ್ತಕಗಳ ಕಪಾಟಿನ ಮುಂದೆ ಕಳೆಯುವುದು ಲೇಸು. ಅಂಕಗಳಿಗೆ ನಾಲ್ಕು ವರ್ಷಗಳ ಮಾನ್ಯತೆ ಇದೆ, ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಸಿದ್ಧವಾಗದೆ ಮಾರ್ಚ್‌ಗೆ ಶುಲ್ಕ ಕಟ್ಟುವ ಅವಸರ ನನಗಂತೂ ಬೇಕಿರಲಿಲ್ಲ.