ಮೂವತ್ತೈದು ಸಾವಿರದೊಳಗಿನ ಮನೆ ಕಂಪ್ಯೂಟರ್: ಮೂರು ಮಳೆಗಾಲ ಕಂಡ ಮೇಲೆ

2022ರ ದೀಪಾವಳಿ ಕಳೆದ ಮೇಲೆ, ನವೆಂಬರ್ ತಿಂಗಳ ಮೊದಲ ಶನಿವಾರ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಂದು ಡೊಂಬಿವಲಿಯ ಮನೆಯಲ್ಲಿ ನಾನೇ ಜೋಡಿಸಿದ ಕಂಪ್ಯೂಟರಿನ ಬಗ್ಗೆ ಈ ವಿಮರ್ಶೆ. ಕೊಂಡ ವಾರದಲ್ಲೇ ಬರೆದಿದ್ದರೆ ಪ್ರತಿಯೊಂದು ಭಾಗವನ್ನೂ ಹೊಗಳುತ್ತಿದ್ದೆ. ಮೂರು ಮಳೆಗಾಲ ಕಳೆದಿರುವುದರಿಂದ ಯಾವುದಕ್ಕೆ ಕೊಟ್ಟ ಹಣ ದಕ್ಕಿತು, ಯಾವುದರಲ್ಲಿ ಉಳಿಸಿದ ಹಣ ನೀರುಪಾಲಾಯಿತು ಎಂಬುದನ್ನು ಈಗ ಸ್ವಲ್ಪ ಖಚಿತವಾಗಿ ಹೇಳಬಲ್ಲೆ.

ನನ್ನ ಕೆಲಸ ಲೆಕ್ಕಪತ್ರದ್ದು. ಸಂಜೆಯ ವೇಳೆ ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ಪುಟವಿನ್ಯಾಸ ಮಾಡಿಕೊಡುತ್ತೇನೆ. ಮಗನಿಗೆ ಪಾಠ, ಪ್ರಾಜೆಕ್ಟ್ ಮತ್ತು ಒಂದಿಷ್ಟು ಆಟ. ಹಳೆಯ ಯಂತ್ರ 2011ರ ಐ3 ಪ್ರೊಸೆಸರಿನದು. ವಿಂಡೋಸ್ 11 ಅದರ ಮೇಲೆ ನಡೆಯುವಂತಿರಲಿಲ್ಲ, ನೂರು ಪುಟದ ಕಡತ ತೆರೆಯುವಷ್ಟರಲ್ಲಿ ಚಹಾ ಮಾಡಿಕೊಂಡು ಬರಬಹುದಿತ್ತು. ಮಾನಿಟರ್ ಸಹಿತ ಮೂವತ್ತೈದು ಸಾವಿರ ದಾಟಬಾರದು ಎಂದು ಮನೆಯಲ್ಲಿ ಮೊದಲೇ ಒಪ್ಪಂದವಾಗಿತ್ತು.

ಅಂದಿನ ಬಿಲ್ ಈಗಲೂ ನನ್ನ ಫೈಲಿನಲ್ಲಿದೆ. ಎಎಂಡಿ ರೈಜನ್ 5 5600ಜಿ ಪ್ರೊಸೆಸರಿಗೆ 12,200 ರೂಪಾಯಿ, ಬಿ450 ಚಿಪ್‌ಸೆಟ್ಟಿನ ಮದರ್‌ಬೋರ್ಡಿಗೆ 5,900, 8 ಜಿಬಿಯ ಒಂದು ಡಿಡಿಆರ್4 ರ್‍ಯಾಮಿಗೆ 2,150, ಕಡತಗಳನ್ನು ಇಡುವ 500 ಜಿಬಿಯ ಡಬ್ಲ್ಯೂಡಿ ಬ್ಲೂ ಎಸ್‌ಎನ್570 ಎಸ್‌ಎಸ್‌ಡಿಗೆ 3,400, ಕ್ಯಾಬಿನೆಟ್ಟಿಗೆ (ಭಾಗಗಳಿಗೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಅದರೊಳಗೇ ಬಿಟ್ಟಿ) 2,700, ಕೀಬೋರ್ಡ್ ಮತ್ತು ಮೌಸಿಗೆ 900, 22 ಇಂಚಿನ ಮಾನಿಟರಿಗೆ 7,500. ಒಟ್ಟು 34,750. ಈ ಪಟ್ಟಿಯಲ್ಲಿ ಎರಡು ತಪ್ಪುಗಳಿದ್ದವು. ಒಂದು ಮೂರು ತಿಂಗಳಲ್ಲಿ ಗೊತ್ತಾಯಿತು, ಇನ್ನೊಂದಕ್ಕೆ ಇಪ್ಪತ್ತು ತಿಂಗಳು ಬೇಕಾಯಿತು.

ಮೊದಲು ಸರಿಯಾದದ್ದನ್ನು ಹೇಳುತ್ತೇನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳದೆ, ಗ್ರಾಫಿಕ್ಸ್ ತನ್ನೊಳಗೇ ಇರುವ ಪ್ರೊಸೆಸರ್ ಆರಿಸಿದ್ದು ಇಡೀ ಯೋಜನೆಯ ಬೆನ್ನೆಲುಬು. 2020ರ ಕೊನೆಯಿಂದ ಚಿಪ್ಪುಗಳ ಕೊರತೆ ಮತ್ತು ಕ್ರಿಪ್ಟೋ ಗಣಿಗಾರಿಕೆ ಎರಡೂ ಸೇರಿ ಕಾರ್ಡುಗಳ ಬೆಲೆಯನ್ನು ಆಕಾಶಕ್ಕೇರಿಸಿದ್ದವು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಗಣಿಗಾರಿಕೆ ನಿಂತಾಗ ಬೆಲೆ ಇಳಿಯತೊಡಗಿತ್ತು ನಿಜ, ಆದರೆ ಗಣಿಗಾರಿಕೆಯಲ್ಲಿ ಹಗಲಿರುಳು ದುಡಿದು ಬಸವಳಿದ ಕಾರ್ಡುಗಳೂ ಅದೇ ಹೊತ್ತಿಗೆ ಮಾರುಕಟ್ಟೆಗೆ ಬಂದಿದ್ದವು. 2021ರ ಆಗಸ್ಟಿನಲ್ಲಿ ಬಿಡಿಯಾಗಿ ಮಾರಾಟಕ್ಕೆ ಬಂದ 5600ಜಿಯಲ್ಲಿ ಆರು ಕೋರ್, ಹನ್ನೆರಡು ಥ್ರೆಡ್, ಜೊತೆಗೆ ವೇಗಾ ಗ್ರಾಫಿಕ್ಸ್ ಇವೆ. ಅದರ ಶಾಖದ ಮಿತಿ 65 ವಾಟ್. ತಂಪಾಗಿಸುವ ಫ್ಯಾನ್ ಡಬ್ಬಿಯಲ್ಲೇ ಬರುತ್ತದೆ. ಇಂಟೆಲಿನ ಐ3 12100 ಕೂಡ ನನ್ನ ಎದುರಿಗಿತ್ತು. ಅದರದು ನಾಲ್ಕೇ ಕೋರ್ ಆದರೂ ಬಿಡಿ ಕೋರಿನ ವೇಗದಲ್ಲಿ ಅದು ಹಿಂದೆ ಬೀಳುವುದಿಲ್ಲ, ಬರೀ ಕಚೇರಿ ಕೆಲಸವಾಗಿದ್ದರೆ ಅದನ್ನೇ ಕೊಳ್ಳುತ್ತಿದ್ದೆ. ಮಗನ ಆಟಕ್ಕೆ ವೇಗಾ ಗ್ರಾಫಿಕ್ಸೇ ಮೇಲು, ಹಾಗಾಗಿ ತಕ್ಕಡಿ ಈ ಕಡೆ ವಾಲಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಿ450 ಬೋರ್ಡುಗಳು 2018ರವು, ಪ್ರೊಸೆಸರ್ ಅದಕ್ಕಿಂತ ಮೂರು ವರ್ಷ ಕಿರಿಯದು. ಗೋದಾಮಿನಲ್ಲಿ ಹಳೆಯದಾಗಿ ಕುಳಿತ ಬೋರ್ಡಿಗೆ ಬಯೋಸ್ (ಯಂತ್ರ ಹೊತ್ತಿಸುವ ಮೂಲ ತಂತ್ರಾಂಶ) ಅಪ್‌ಡೇಟ್ ಆಗದಿದ್ದರೆ ಈ ಪ್ರೊಸೆಸರ್ ಹಾಕಿದಾಗ ಪರದೆಯ ಮೇಲೆ ಏನೂ ಮೂಡುವುದಿಲ್ಲ. ರೈಜನ್ 5000 ಸರಣಿಗೆ ಸಿದ್ಧವಿದೆ ಎಂಬ ಚೀಟಿ ಡಬ್ಬಿಯ ಮೇಲಿದೆಯೇ ಎಂದು ನೋಡಬೇಕು, ಇಲ್ಲದಿದ್ದರೆ ಅಂಗಡಿಯಲ್ಲೇ ಅಪ್‌ಡೇಟ್ ಮಾಡಿಸಿಕೊಂಡು ಬರಬೇಕು. ಡೊಂಬಿವಲಿಯಿಂದ ದಾದರಿಗೆ ಬಂದು, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರ್ಯಾಂಟ್ ರೋಡಿನಲ್ಲಿ ಇಳಿಯುವ ಪ್ರಯಾಣವನ್ನು ಇಷ್ಟಕ್ಕಾಗಿ ಎರಡನೆಯ ಸಲ ಮಾಡಲು ಯಾರಿಗೂ ಮನಸ್ಸಾಗದು.

ಲ್ಯಾಮಿಂಗ್ಟನ್ ರಸ್ತೆಗೆ ಪಾಲಿಕೆಯ ಲೆಕ್ಕದಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದು ಹೆಸರು, ಆದರೆ ಹಳೆಯ ಗವರ್ನರನ ಹೆಸರು ಜನರ ಬಾಯಿಂದ ಹೋಗಿಲ್ಲ. ಅಲ್ಲಿ ವ್ಯಾಪಾರ ಮಾಡುವಾಗ ಬೆಲೆಗಿಂತ ಮೊದಲು ಕೇಳಬೇಕಾದದ್ದು ಬಿಲ್ಲಿನ ಬಗ್ಗೆ. ಕಚ್ಚಾ ಚೀಟಿಯಲ್ಲಿ ಕೊಟ್ಟರೆ ಒಂದು ದರ, ಶೇಕಡ 18ರ ಜಿಎಸ್‌ಟಿ ಸೇರಿಸಿದ ಪಕ್ಕಾ ಬಿಲ್ಲಿಗೆ ಇನ್ನೊಂದು ದರ ಹೇಳುವವರು ಕೆಲವರಿದ್ದಾರೆ. ಚೀಟಿಯಲ್ಲಿ ಉಳಿಯುವ ಹಣ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆದರೆ ವಾರಂಟಿ ಕೇಳಲು ಹೋದಾಗ ಕೈಯಲ್ಲಿ ಕಾಗದವಿರುವುದಿಲ್ಲ. ಡಬ್ಬಿಯಿಲ್ಲದ ಟ್ರೇ ಪ್ರೊಸೆಸರಿನ ಕಥೆಯೂ ಇಂಥದ್ದೇ. ಅದಕ್ಕೆ ಅಂಗಡಿಯವನ ಮಾತೇ ವಾರಂಟಿ. ಡಬ್ಬಿಯ ಪ್ರೊಸೆಸರಿಗಾದರೆ ಕಂಪನಿಯದೇ ಮೂರು ವರ್ಷದ ಹೊಣೆ.

ಎಸ್‌ಎಸ್‌ಡಿಯ ವಿಷಯದಲ್ಲಿ ಅಂಗಡಿಯವರು ಜೆನ್ 4 (ನಾಲ್ಕನೆಯ ತಲೆಮಾರಿನ) ಮಾದರಿಯನ್ನು ತೆಗೆದುಕೊಳ್ಳಿ, ಸಾವಿರದೈನೂರು ಮಾತ್ರ ಹೆಚ್ಚು ಎಂದು ಬಹಳ ಒತ್ತಾಯಿಸಿದರು. 5600ಜಿ ಪ್ರೊಸೆಸರಿನಲ್ಲಿರುವುದು ಪಿಸಿಐಇ 3.0 (ಎಸ್‌ಎಸ್‌ಡಿಯ ಮಾಹಿತಿ ಸಾಗುವ ದಾರಿಯ ಮೂರನೆಯ ತಲೆಮಾರು, ಎಂದರೆ ಜೆನ್ 3) ಮಾತ್ರ, ಬಿ450 ಬೋರ್ಡಿನದೂ ಅಷ್ಟೇ. ಜೆನ್ 4 ಹಾಕಿದರೂ ಅದು ಜೆನ್ 3ರ ವೇಗದಲ್ಲೇ ಓಡುತ್ತಿತ್ತು. ಎಸ್‌ಎನ್570 ಸೆಕೆಂಡಿಗೆ 3,500 ಎಂಬಿಯವರೆಗೆ ಓದುತ್ತದೆ, ಹಳೆಯ ಸಾಟಾ ಎಸ್‌ಎಸ್‌ಡಿಗಳ ಮಿತಿ 550ರ ಆಸುಪಾಸು. ಐದು ವರ್ಷದ ವಾರಂಟಿ ಇದೆ, ಬರವಣಿಗೆಯ ಮಿತಿ 300 ಟಿಬಿ. ನಾನು ಮೂರು ವರ್ಷದಲ್ಲಿ ಬರೆದಿರುವುದು 18 ಟಿಬಿ. ಈ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ, ಅದೇ ಅದರ ಗುಣ.

ಜೋಡಣೆಗೆ ಹಿಡಿದದ್ದು ಒಂದು ಭಾನುವಾರದ ಬೆಳಗು. ನನ್ನದರಂತೆ ಎಎಂ4 ಸಾಕೆಟ್ಟಿನಲ್ಲಿ ಕೂರುವ ಪ್ರೊಸೆಸರಿನ ಸೂಜಿಗಳು ಪ್ರೊಸೆಸರಿನಲ್ಲೇ ಇರುತ್ತವೆ, ಒಟ್ಟು 1,331. ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಸನ್ನೆಯನ್ನು ಮೇಲೆತ್ತಿ ಬಿಟ್ಟರೆ ಅದು ತನ್ನ ತೂಕದಿಂದಲೇ ಇಳಿದು ಕೂರಬೇಕು. ಕೂರದಿದ್ದರೆ ಒತ್ತಬಾರದು, ಎತ್ತಿ ಮತ್ತೆ ನೋಡಬೇಕು. ಫ್ಯಾನ್ ತೆಗೆಯುವಾಗಲೂ ಜಾಗ್ರತೆ ಬೇಕು: ಫ್ಯಾನಿಗೂ ಪ್ರೊಸೆಸರಿಗೂ ನಡುವೆ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿರುತ್ತದೆ, ನೇರವಾಗಿ ಎಳೆದರೆ ಸನ್ನೆ ಬಿಗಿಯಾಗಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಬೆಚ್ಚಗಾಗಿಸಿ, ಆರಿಸಿ ಪ್ಲಗ್ ತೆಗೆದ ಮೇಲೆ ಫ್ಯಾನನ್ನು ಮೆಲ್ಲನೆ ಆಚೆ ಈಚೆ ತಿರುಗಿಸಿ ಬಿಡಿಸುವುದು ಸರಿಯಾದ ಕ್ರಮ.

ಈಗ ಮೊದಲ ತಪ್ಪಿಗೆ ಬರುತ್ತೇನೆ. 8 ಜಿಬಿಯ ಒಂದೇ ರ್‍ಯಾಮ್ ಹಾಕಿ, ಮುಂದೆ ಎಂದಾದರೂ ಇನ್ನೊಂದು ಸೇರಿಸಿದರಾಯಿತು ಎಂದುಕೊಂಡಿದ್ದೆ. ಲೆಕ್ಕದ ತಂತ್ರಾಂಶ, ಬ್ರೌಸರ್, ಪುಟವಿನ್ಯಾಸ ಯಾವುದಕ್ಕೂ ತೊಂದರೆ ಕಾಣಲಿಲ್ಲ. ಮಗ ಮಾತ್ರ ವ್ಯಾಲರಂಟ್ ಆಡುವಾಗ ಚಿತ್ರ ತಡೆತಡೆದು ಬರುತ್ತದೆ ಎಂದು ಗೊಣಗುತ್ತಿದ್ದ. 2023ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಬಂದವನು ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದು ನೋಡಿ, “ಮಾವ, ಎರಡು ಎತ್ತಿನ ಗಾಡಿಗೆ ಒಂದೇ ಎತ್ತು ಕಟ್ಟಿದ್ದೀರಲ್ಲ” ಎಂದ. ಅವನ ಮಾತು ಅಕ್ಷರಶಃ ಸತ್ಯವಾಗಿತ್ತು. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. 3200 ವೇಗದ ಡಿಡಿಆರ್4 ಒಂಟಿಯಾಗಿದ್ದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಸಾಗಿಸುತ್ತದೆ, ಜೋಡಿಯಾಗಿದ್ದರೆ 51.2 ಜಿಬಿ. ಸಾಲದ್ದಕ್ಕೆ ಬಯೋಸಿನಲ್ಲಿ, ರ್‍ಯಾಮನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಎಕ್ಸ್‌ಎಂಪಿ ಆಯ್ಕೆಯನ್ನು ನಾನು ಆನ್ ಮಾಡಿರಲೇ ಇಲ್ಲ, ಹಾಗಾಗಿ 3200ರ ರ್‍ಯಾಮ್ ಮೂರು ತಿಂಗಳು 2666ರಲ್ಲಿ ಓಡುತ್ತಿತ್ತು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈ ಅಂಕಿ ಎದುರಿಗೇ ಇರುತ್ತದೆ, ಆದರೆ ನಾನು ಒಮ್ಮೆಯೂ ನೋಡಿರಲಿಲ್ಲ. ಅದೇ ಮಾದರಿಯ ಇನ್ನೊಂದು ರ್‍ಯಾಮನ್ನು 1,900 ರೂಪಾಯಿಗೆ ತಂದು ಹಾಕಿ ಎಕ್ಸ್‌ಎಂಪಿ ಆನ್ ಮಾಡಿದ ಸಂಜೆಯಿಂದ ಮಗನ ಗೊಣಗಾಟ ನಿಂತಿತು. ಈ ಬಗೆಯ ಪ್ರೊಸೆಸರ್ ಕೊಳ್ಳುವವರು 8 ಜಿಬಿಯಷ್ಟೇ ಸಾಕೆಂದಿದ್ದರೂ 4 ಜಿಬಿಯ ಎರಡನ್ನು ಹಾಕುವುದು ಲೇಸು, 16 ಜಿಬಿ ಬೇಕಾದವರಂತೂ ಮೊದಲ ದಿನವೇ ಜೋಡಿ ಕೊಳ್ಳಬೇಕು. 2025ರ ಕೊನೆಯಿಂದ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ್‍ಯಾಮ್ ಬೆಲೆ ಏರಿರುವುದನ್ನು ನೋಡಿದರೆ, ಆ 1,900 ರೂಪಾಯಿಯನ್ನು ಸಕಾಲದಲ್ಲೇ ಖರ್ಚು ಮಾಡಿದೆ ಎನಿಸುತ್ತದೆ.

ಎರಡನೆಯ ತಪ್ಪು ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಜೊತೆ 450 ವಾಟಿನದು ಬಿಟ್ಟಿಯಾಗಿ ಬರುತ್ತದೆ ಎಂದಾಗ ನನ್ನೊಳಗಿನ ಲೆಕ್ಕಿಗ ಹಿಗ್ಗಿದ್ದ. ಮೊದಲ ಮಳೆಗಾಲ ಸುಸೂತ್ರವಾಗಿಯೇ ಸಾಗಿತು ಎನ್ನಬೇಕು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಯಂತ್ರ ಆನ್ ಆಗಿ ಪರದೆ ಕಪ್ಪಾಗಿಯೇ ಉಳಿದದ್ದು ಬಿಟ್ಟರೆ. ಅದರ ಕಾರಣ ಬೇರೆ: ಖಾಡಿಯ (ಸಮುದ್ರದ ಹಿನ್ನೀರಿನ) ಕಡೆಯಿಂದ ಬರುವ ತೇವದ ಗಾಳಿಗೆ ರ್‍ಯಾಮಿನ ಹಲ್ಲುಗಳ ಮೇಲೆ ಮಸಕು ಕೂತಿತ್ತು. ಮಗನ ಕಂಪಾಸು ಪೆಟ್ಟಿಗೆಯ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಪುಡಿ ಒರೆಸಿ ಹಾಕಿದಾಗ ಸರಿಹೋಯಿತು.

2024ರ ಜುಲೈಯಲ್ಲಿ, ಸ್ಮರಣ ಸಂಚಿಕೆ ಮುದ್ರಣಕ್ಕೆ ಹೋಗುವ ಮುನ್ನಾದಿನ, ಪುಟಗಳನ್ನು ಪಿಡಿಎಫ್ ಮಾಡುವ ಹೊತ್ತಿಗೆ ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿತು. ವೈರಸ್ ಎಂದುಕೊಂಡೆ, ವಿಂಡೋಸ್ ಅಪ್‌ಡೇಟ್ ಎಂದುಕೊಂಡೆ, ಯುಪಿಎಸ್ ಕೆಟ್ಟಿತೆಂದು ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಚುಚ್ಚಿದೆ. ಸುಮ್ಮನೆ ಇಟ್ಟರೆ ಗಂಟೆಗಟ್ಟಲೆ ಓಡುವುದು, ಪ್ರೊಸೆಸರಿಗೆ ಭಾರ ಬಿದ್ದ ಕೂಡಲೇ ಆರುವುದು. ನಾಲ್ಕನೆಯ ಸಲ ಸುಟ್ಟ ಅಂಟಿನ ವಾಸನೆ ಬಂತು. ಬಿಚ್ಚಿ ಹೊರತೆಗೆದು ಮೊದಲ ಬಾರಿಗೆ ಅದರ ಚೀಟಿಯನ್ನು ಓದಿದೆ. 12 ವೋಲ್ಟಿನ ಸಾಲಿನಲ್ಲಿ 14 ಆಂಪ್ ಎಂದಿತ್ತು. ಗುಣಿಸಿದರೆ 168 ವಾಟ್. ಪ್ರೊಸೆಸರ್ ಉಣ್ಣುವುದು ಈ ಸಾಲಿನಿಂದಲೇ. ಡಬ್ಬಿಯ ಮೇಲಿನ 450 ಎಂಬ ಅಂಕಿ ಮಿಕ್ಕ ಸಾಲುಗಳನ್ನೆಲ್ಲ ಕೂಡಿಸಿಯೂ ಹೇಗೆ ಬಂತೋ ತಯಾರಿಸಿದವರೇ ಹೇಳಬೇಕು. ಗಾಳಿಕಿಂಡಿಯಲ್ಲಿ ಇಣುಕಿದರೆ ಎರಡು ಕೆಪಾಸಿಟರುಗಳ ತಲೆ ಇಡ್ಲಿಯಂತೆ ಉಬ್ಬಿತ್ತು. ಎಸ್‌ಎಂಪಿಎಸ್ಸನ್ನು ಮನೆಯಲ್ಲಿ ಬಿಚ್ಚಲು ಯಾರೂ ಹೋಗಬಾರದು, ಪ್ಲಗ್ ತೆಗೆದ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಮರುದಿನ ಬೇರೆ ಅಂಗಡಿಗೆ ಹೋದೆ. ಮೊದಲಿನ ಅಂಗಡಿಯವರು ಬಿಟ್ಟಿ ಬಂದ ವಸ್ತುವಿಗೆ ವಾರಂಟಿ ಎಲ್ಲಿಯದು ಎಂದು ನಕ್ಕಿದ್ದರು, ಬಿಲ್ಲಿನಲ್ಲಿ ಅದರ ಹೆಸರೇ ಇಲ್ಲದ್ದರಿಂದ ನಾನು ವಾದಿಸುವಂತೆಯೂ ಇರಲಿಲ್ಲ. ಹೊಸ ಅಂಗಡಿಯ ಹಿರಿಯರು ನನ್ನ ಹಳೆಯದನ್ನು ಒಂದು ಕೈಯಲ್ಲೂ, ವಿದ್ಯುತ್ ಪೋಲು ಕಡಿಮೆ ಎಂಬ 80 ಪ್ಲಸ್ ಬ್ರಾಂಜ್ ಪ್ರಮಾಣಪತ್ರವಿರುವ 450 ವಾಟಿನ ಒಂದನ್ನು ಇನ್ನೊಂದು ಕೈಯಲ್ಲೂ ಇಟ್ಟರು. ತೂಕದ ಅಂತರಕ್ಕೆ ವಿವರಣೆ ಬೇಕಿರಲಿಲ್ಲ. ಹೊಸದರ ಚೀಟಿಯಲ್ಲಿ 12 ವೋಲ್ಟಿಗೆ 35 ಆಂಪ್, ಎಂದರೆ 420 ವಾಟ್. ಬೆಲೆ 2,900 ರೂಪಾಯಿ. ಬೋರ್ಡೂ ಎಸ್‌ಎಸ್‌ಡಿಯೂ ಉಳಿದದ್ದು ನನ್ನ ಪುಣ್ಯ. ಇಂಥ ಎಸ್‌ಎಂಪಿಎಸ್ ಸಾಯುವಾಗ ಕೆಲವೊಮ್ಮೆ ಒಬ್ಬಂಟಿಯಾಗಿ ಸಾಯುವುದಿಲ್ಲ. ಕ್ಯಾಬಿನೆಟ್ಟನ್ನು ಬೇಕಾದರೆ ಅತಿ ಅಗ್ಗದ್ದೇ ಕೊಳ್ಳಿರಿ, ಮುಂದೆ ಜಾಲರಿ, ಹಿಂದೆ ಒಂದು ಫ್ಯಾನ್ ಇದ್ದರೆ ಅದು ತಗಡಿನ ಪೆಟ್ಟಿಗೆಯಷ್ಟೇ. ಎಸ್‌ಎಂಪಿಎಸ್ಸನ್ನು ಮಾತ್ರ ಬೇರೆಯಾಗಿ, ಚೀಟಿಯ ಆಂಪ್ ಓದಿ, ಬಿಲ್ಲಿನಲ್ಲಿ ಬರೆಸಿ ಕೊಳ್ಳಿರಿ.

ಈಗಿನ ಸ್ಥಿತಿ ಹೀಗಿದೆ. ಪ್ಲಗ್ಗಿನಲ್ಲಿ ಮೀಟರ್ ಇಟ್ಟು ನೋಡಿದರೆ ಮಾನಿಟರ್ ಬಿಟ್ಟು ಸುಮ್ಮನಿರುವಾಗ 30 ವಾಟಿನ ಆಸುಪಾಸು, ಪಿಡಿಎಫ್ ಮಾಡುವಾಗ 90ರ ಹತ್ತಿರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಪರಿಚಿತರು ಹಲವರು ಯಂತ್ರ ಬದಲಿಸಬೇಕಾಯಿತು, ನನ್ನದರಲ್ಲಿ ಮೊದಲಿನಿಂದಲೂ 11 ಇದೆ. ಈಗ ಹೊಸದಾಗಿ ಕೊಳ್ಳುವವರಿಗೆ ಎಎಂ5 ಸಾಕೆಟ್ ಇದೆ, ಆದರೆ ಅದಕ್ಕೆ ಡಿಡಿಆರ್5 ಕಡ್ಡಾಯ. ಸದ್ಯದ ರ್‍ಯಾಮ್ ದರದಲ್ಲಿ ಮೂವತ್ತೈದು ಸಾವಿರದ ಮಿತಿ ಅಲ್ಲಿ ನಿಲ್ಲುವುದು ಕಷ್ಟ. ಕೈಯಲ್ಲಿ ಹಳೆಯ ಡಿಡಿಆರ್4 ಇದ್ದವರು ಎಎಂ4ನಲ್ಲೇ ಮುಂದುವರಿಯುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಹೊಸ ಎಸ್‌ಎಂಪಿಎಸ್ಸಿಗೆ ಗ್ರಾಫಿಕ್ಸ್ ಕಾರ್ಡಿನ ಎಂಟು ಸೂಜಿಯ ವೈರು ಇದೆ ಎಂಬುದನ್ನು ಮಗ ಪತ್ತೆ ಹಚ್ಚಿದ್ದಾನೆ. ಆ ವೈರನ್ನು ಸುರುಳಿ ಸುತ್ತಿ, ಕ್ಯಾಬಿನೆಟ್ಟಿನ ತಳದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಪಕ್ಕಕ್ಕೆ ಕಟ್ಟಿಟ್ಟಿದ್ದೇನೆ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಅದು ಅಲ್ಲೇ ಇರುತ್ತದೆ.