ಕಣ್ಣಂದಾಜು ಬಿಟ್ಟು ತಕ್ಕಡಿ ಹಿಡಿದ ಮೇಲೆ: ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರದ ಆರು ತಿಂಗಳು

ತೂಕ ಇಳಿಸಬೇಕೆಂದು ಊಟದ ಲೆಕ್ಕ ಬರೆದಿಡಲು ಆರಂಭಿಸಿದ ಮೊದಲ ಮೂರು ತಿಂಗಳು ನಾನು ಮೊಬೈಲ್ ಆ್ಯಪ್ ಒಂದನ್ನೇ ನೆಚ್ಚಿಕೊಂಡಿದ್ದೆ. ದಿನಕ್ಕೆ 1,600 ಕ್ಯಾಲೊರಿಯೊಳಗೇ ಇದ್ದೇನೆ ಎಂದು ಅದು ತೋರಿಸುತ್ತಿತ್ತು. ದೇಹದ ತೂಕ ಮಾತ್ರ ಕದಲಲಿಲ್ಲ. ತಪ್ಪಿರುವುದು ದೇಹದಲ್ಲಲ್ಲ, ಲೆಕ್ಕದಲ್ಲಿ ಎಂದು ಒಪ್ಪಿಕೊಳ್ಳಲು ಇನ್ನೂ ಕೆಲವು ವಾರ ಹಿಡಿಯಿತು. ಆಮೇಲೆ ಕೊಂಡದ್ದೇ 5 ಕಿಲೋವರೆಗೆ ತೂಗುವ, 1 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಈ ಚಪ್ಪಟೆ ಗಾಜಿನ ತಕ್ಕಡಿ.

ಮೊದಲ ದಿನವೇ ಸಿಕ್ಕಿಬಿದ್ದದ್ದು ಎಣ್ಣೆ. ಒಂದು ಗ್ರಾಂ ಕೊಬ್ಬಿನಲ್ಲಿ ಸುಮಾರು 9 ಕ್ಯಾಲೊರಿ ಇದ್ದರೆ, ಸಸಾರಜನಕದಲ್ಲೂ ಪಿಷ್ಟದಲ್ಲೂ ಇರುವುದು ಸುಮಾರು 4 ಮಾತ್ರ. ಹಾಗಾಗಿ ಅಳತೆ ತಪ್ಪಿದರೆ ಅತಿ ಹೆಚ್ಚು ದಂಡ ತೆರಬೇಕಾದದ್ದು ಎಣ್ಣೆಯಲ್ಲಿಯೇ. ನಾನು 'ಒಂದು ದೊಡ್ಡ ಚಮಚ' ಎಂದು, ಅಂದರೆ ಸುಮಾರು 14 ಗ್ರಾಂ, 120 ಕ್ಯಾಲೊರಿ ಎಂದು ಬರೆಯುತ್ತಿದ್ದೆ. ಎಂದಿನಂತೆ ಬಾಣಲೆಗೆ ಸುರಿದು ತೂಗಿದಾಗ ಬಂದದ್ದು 31 ಗ್ರಾಂ, ಅಂದರೆ 270ಕ್ಕೂ ಹೆಚ್ಚು ಕ್ಯಾಲೊರಿ. ದಿನಕ್ಕೆ ಎರಡು ಬಾರಿ ಹೀಗಾದರೆ, ನಾನು ಕಡಿಮೆ ಮಾಡಿದ್ದೇನೆಂದು ನಂಬಿದ್ದ ಆಹಾರವೆಲ್ಲ ಅಲ್ಲಿಗೇ ಮರಳಿ ಬಂದಂತಾಯಿತು. ಇದಕ್ಕೆ ನಾನು ಕಂಡುಕೊಂಡ ಸುಲಭ ಉಪಾಯವೆಂದರೆ, ಎಣ್ಣೆಯ ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ಸುರಿದು, ಬಾಟಲಿಯನ್ನು ಮತ್ತೆ ಅಲ್ಲೇ ಇಡುವುದು. ಋಣ ಚಿಹ್ನೆಯೊಡನೆ ಕಾಣುವ ಅಂಕಿಯೇ ಬಾಣಲೆಗೆ ಹೋದ ಎಣ್ಣೆ. ಚಮಚ ತೊಳೆಯುವ ಕೆಲಸವೂ ಇಲ್ಲ.

ತಕ್ಕಡಿ ಸರಿಯಿದ್ದರೂ ಆ್ಯಪ್‌ನ ಪಟ್ಟಿ ಕೈಕೊಡಬಹುದು. ಒಂದೇ ಪದಾರ್ಥಕ್ಕೆ ಬಳಕೆದಾರರು ಸೇರಿಸಿದ ಹತ್ತಾರು ನಮೂದುಗಳಿರುತ್ತವೆ. ಬೇಯಿಸಿದ್ದೋ ಹಸಿಯೋ ಎಂಬುದು ಹಲವು ನಮೂದುಗಳಲ್ಲಿ ಸ್ಪಷ್ಟವಿರುವುದಿಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 360 ಕ್ಯಾಲೊರಿ ಇದ್ದರೆ, ನೀರು ಹೀರಿಕೊಂಡು ಬೆಂದ 100 ಗ್ರಾಂ ಅನ್ನದಲ್ಲಿ ಸುಮಾರು 130. ನಾನು ಅಕ್ಕಿಯನ್ನು ತೂಗಿ ಅನ್ನದ ನಮೂದನ್ನು ಆರಿಸುತ್ತಿದ್ದೆ. ಹೀಗೆ ನಿಜದ ಮೂರನೆಯ ಒಂದು ಪಾಲನ್ನಷ್ಟೇ ಬರೆದಿಡುತ್ತಿದ್ದೆ. ಕಡಿಮೆ ತೋರಿಸುವ ನಮೂದಿನ ಕಡೆಗೇ ಬೆರಳು ಹೋಗುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಈಗ ಎಲ್ಲವನ್ನೂ ಹಸಿಯಾಗಿರುವಾಗಲೇ ತೂಗುತ್ತೇನೆ. ಕೊನೆಗೆ ಪಾತ್ರೆಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದು, ನನ್ನ ತಟ್ಟೆಗೆ ಬಂದ ಪಾಲನ್ನು ಲೆಕ್ಕ ಹಾಕುತ್ತೇನೆ. ಖಾಲಿ ಪಾತ್ರೆಗಳ ತೂಕವನ್ನು ಚೀಟಿಯಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ ಮೇಲೆ ಈ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುವುದಿಲ್ಲ.

1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯದು ಎನ್ನುತ್ತಿದ್ದವರನ್ನು ಪರೀಕ್ಷಿಸಿದಾಗ, ಅವರು ತಮ್ಮ ಆಹಾರವನ್ನು ಸರಾಸರಿ ಶೇ. 47ರಷ್ಟು ಕಡಿಮೆಯಾಗಿ, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹೆಚ್ಚಾಗಿ ವರದಿ ಮಾಡಿದ್ದು ಕಂಡುಬಂತು. ನನ್ನ ಹಳೆಯ ದಾಖಲೆಗಳನ್ನು ನೋಡಿದ ಮೇಲೆ, ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಯಂತ್ರದ ಕೊರತೆಗಳು ಎರಡು. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋದರೆ ಅಂಕಿ ಕದಲುವುದೇ ಇಲ್ಲ. ಬಟ್ಟಲನ್ನು ಎತ್ತಿ ಮತ್ತೆ ಇಟ್ಟಾಗ ಮಾತ್ರ ಸರಿಯಾದ ತೂಕ ಸಿಗುತ್ತದೆ. ಎರಡು ನಿಮಿಷ ಮುಟ್ಟದಿದ್ದರೆ ಯಂತ್ರ ತಾನಾಗಿ ಆರಿ, ಅದುವರೆಗೆ ಮಾಡಿದ ಸೊನ್ನೆಯನ್ನೂ ಮರೆತುಬಿಡುತ್ತದೆ. ತರಕಾರಿ ಹೆಚ್ಚುವ ಮಧ್ಯೆ ಹೀಗಾದರೆ ಮೊದಲಿನಿಂದ ತೂಗಬೇಕಾಗುತ್ತದೆ. ನಿಖರತೆಯ ಬಗ್ಗೆ ದೂರಿಲ್ಲ: ಅಳತೆಪಾತ್ರೆಯ 500 ಮಿಲಿಲೀಟರ್ ನೀರಿಗೆ 498 ಗ್ರಾಂ ತೋರಿಸಿತು.

ಆದರೆ ತಕ್ಕಡಿಯ ಮೇಲೆ ಬಾರದ ಆಹಾರಕ್ಕೆ ಈ ಯಂತ್ರದಿಂದ ಉಪಯೋಗವಿಲ್ಲ. ರುಚಿ ನೋಡಲು ಬಾಯಿಗೆ ಹೋದ ತುತ್ತು, ಮಕ್ಕಳ ತಟ್ಟೆಯಲ್ಲಿ ಉಳಿದದ್ದು, ಹೊರಗಿನ ಊಟ, ಇವನ್ನೆಲ್ಲ ಅಂದಾಜಿನಿಂದಲೇ ಬರೆಯಬೇಕು. ನಾನು ಅಂದಾಜನ್ನು ಯಾವಾಗಲೂ ಮೇಲಿನ ಕಡೆಗೇ ಹಾಕುತ್ತೇನೆ. ಅದಕ್ಕಿಂತಲೂ ನನ್ನ ಲೆಕ್ಕವನ್ನು ಕೆಡಿಸಿದ್ದು ಖಾಲಿ ಬಿಟ್ಟ ದಿನಗಳು. ಹೆಚ್ಚು ತಿಂದ ದಿನವೇ ಬರೆಯಲು ಮನಸ್ಸಾಗುತ್ತಿರಲಿಲ್ಲ. ಉಳಿದ ದಿನಗಳ ಸರಾಸರಿ ಹಾಗಾಗಿ ನಿಜಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ಈಗ ಆ ದಿನಗಳನ್ನೂ ತಪ್ಪದೆ ಬರೆಯುತ್ತಿದ್ದೇನೆ. ಆರು ತಿಂಗಳಲ್ಲಿ 7 ಕಿಲೋ ಇಳಿದಿದೆ.

ಆಹಾರದ ಅಂಕಿಗಳಿಂದ ಆತಂಕ ಹೆಚ್ಚುವವರು, ತಿನ್ನುವ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರು ವೈದ್ಯರನ್ನು ಕೇಳದೆ ಈ ದಾರಿಗೆ ಇಳಿಯಬಾರದು. ಉಳಿದವರಿಗೆ ಈ ಬಗೆಯ ತಕ್ಕಡಿಯನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕೊಳ್ಳುವಾಗ ದೊಡ್ಡ ಪಾತ್ರೆ ಇಟ್ಟರೂ ಅಂಕಿ ಮರೆಯಾಗುವುದಿಲ್ಲವೇ, ಆರಿಹೋಗುವ ಸಮಯ ಎಷ್ಟು ಎಂಬ ಎರಡನ್ನು ಪರೀಕ್ಷಿಸಿ ನೋಡಿರಿ.